ಮರುಕ ಮತ್ತು ಅಂಜಿಕೆ: ನಮ್ಮ ಸೀಮೆಯ ದುರಂತ ಕಥೆಗಳು

ನಾವು ಓದಿದ ಶಾಲೆಗೆ ಐವತ್ತು ವರ್ಷ ತುಂಬಿದೆ. ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಫೋನ್ ಮಾಡಿದಾಗ, ನಾನು ಕಂಪ್ಯೂಟರ್ ಬಗ್ಗೆ ಬರೆಯುತ್ತೇನೆಂದು ಅವರು ಎಣಿಸಿದ್ದರು. ಬಿ.ಇ. ಮುಗಿಸಿ ಹನ್ನೆರಡು ವರ್ಷದಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವವನು ಬೇರೇನು ಬರೆದಾನು? ಆದರೆ ನಾನು ಇಲ್ಲಿ ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಕನ್ನಡ ಮೇಷ್ಟ್ರು ಕೇಳಿದ ಎರಡು ಪ್ರಶ್ನೆಗಳು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಅವುಗಳಿಗೆ ಉತ್ತರ ಹುಡುಕುತ್ತ ಬಿಡುವಿನಲ್ಲಿ ಓದಿಕೊಂಡಿದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ಸಾಹಿತ್ಯದ ವಿದ್ಯಾರ್ಥಿಯಲ್ಲ. ತಪ್ಪಿದ್ದರೆ ಗುರುಗಳು ತಿದ್ದಬೇಕು.

ಕುರುಕ್ಷೇತ್ರದ ರಾತ್ರಿ

ಗುಂಡ್ಲುಪೇಟೆ, ಚಾಮರಾಜನಗರ ಸೀಮೆಯ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ನಾಟಕ ನೋಡದವರು ಯಾರಿದ್ದಾರೆ? ಸುಗ್ಗಿ ಮುಗಿದ ಮೇಲೆ ಊರವರು ಸೇರಿ ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತು ಮಾಡುತ್ತಾರೆ. ತಿಂಗಳುಗಟ್ಟಲೆ ರಾತ್ರಿ ಹೊತ್ತು ಪ್ರಾಕ್ಟೀಸು ನಡೆಯುತ್ತದೆ. ಪಾತ್ರ ಮಾಡುವವರು ತಾವೇ ದುಡ್ಡು ಹಾಕಬೇಕು. ದೊಡ್ಡ ಪಾತ್ರಕ್ಕೆ ದೊಡ್ಡ ಪಾಲು. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತವೆ. ರಾತ್ರಿ ಹತ್ತಕ್ಕೆ ಶುರುವಾದ ನಾಟಕದಲ್ಲಿ ದುರ್ಯೋಧನನ ತೊಡೆ ಮುರಿಯುವ ಹೊತ್ತಿಗೆ ಮೂಡಲಲ್ಲಿ ಬೆಳಕು ಹರಿದಿರುತ್ತದೆ.

ನಾನು ಏಳನೇ ತರಗತಿಯಲ್ಲಿದ್ದ ವರ್ಷ ನಮ್ಮೂರಿನಲ್ಲಿ ದುರ್ಯೋಧನನ ಪಾತ್ರ ಮಾಡಿದವರು ನಮ್ಮ ಬೀದಿಯ ಒಬ್ಬ ರೈತರು. ಎರಡು ಎಕರೆ ಜಮೀನು, ಗಟ್ಟಿ ಕಂಠ, ಆರಡಿ ಆಳು. ರಾತ್ರಿಯೆಲ್ಲ ಅವರ ಗತ್ತಿಗೆ ಶಿಳ್ಳೆ ಹೊಡೆದೆವು. ಪಾಂಡವರಿಗೆ ಸೂಜಿಮೊನೆಯಷ್ಟು ನೆಲವನ್ನೂ ಕೊಡುವುದಿಲ್ಲ ಎಂದಾಗ ಬೈದೆವು. ಆದರೆ ಬೆಳಗಿನ ಜಾವ, ತಮ್ಮಂದಿರು ಸತ್ತು, ಕರ್ಣ ಸತ್ತು, ಅವರೊಬ್ಬರೇ ಸರೋವರದ ಕಡೆ ಹೆಜ್ಜೆ ಹಾಕಿದಾಗ ಸೇರಿದ್ದ ಜನವೆಲ್ಲ ಗಪ್ಪಾಯಿತು. ನನ್ನ ಪಕ್ಕದಲ್ಲಿದ್ದ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

"ಅವ ಕೆಟ್ಟೋನಲ್ವಾ ಅಜ್ಜಿ, ಯಾಕಳ್ತೀಯೆ?" ಎಂದೆ.

"ಕೆಟ್ಟೋನೆ ಕನ ಮಗಾ. ಆದ್ರ ಒಂಟಿಯಾಗ್ಬುಟ್ನಲ್ಲ," ಎಂದರು.

ನನ್ನ ಕಣ್ಣಲ್ಲೂ ನೀರಿತ್ತು.

ಎರಡು ವರ್ಷ ಕಳೆಯುವುದರೊಳಗೆ ಆ ರೈತರ ಬದುಕು ತಲೆಕೆಳಗಾಯಿತು. ಅರಿಸಿನಕ್ಕೆ ನೀರು ಬೇಕೆಂದು ಬೋರ್ ಕೊರೆಸಿದರು. ಮೊದಲನೆಯದರಲ್ಲಿ ನೀರು ಬರಲಿಲ್ಲ. ಹಿರಿಯರು ಸಾಕು ಎಂದರೂ ಕೇಳದೆ ಎರಡನೆಯದು, ಮೂರನೆಯದು ಕೊರೆಸಿದರು. ಸಾಲಕ್ಕೆ ಜಮೀನು ಹೋಯಿತು. ಆಮೇಲೆ ಅವರ ಮನಸ್ಸೂ ಸ್ಥಿಮಿತದಲ್ಲಿ ಉಳಿಯಲಿಲ್ಲ. ಶಾಲೆಯ ದಾರಿಯ ಮೋರಿಕಟ್ಟೆಯ ಮೇಲೆ ಕೂತು ತಮ್ಮಷ್ಟಕ್ಕೆ ನಾಟಕದ ಮಾತು ಆಡಿಕೊಳ್ಳುತ್ತಿದ್ದರು. ನಾವು ಹುಡುಗರು "ಕೌರವೇಶ್ವರಾ, ಗದೆ ಎಲ್ಲಿ?" ಎಂದು ಕೂಗುತ್ತಿದ್ದೆವು. ಒಂದು ಸಂಜೆ ಕಲ್ಲೂ ಎಸೆದೆವು. ಅದರಲ್ಲಿ ಒಂದು ಕಲ್ಲು ನನ್ನದು.

ಗೇಟಿನ ಬಳಿ ನಿಂತಿದ್ದ ಕನ್ನಡ ಮೇಷ್ಟ್ರು ಅದನ್ನು ನೋಡಿದ್ದರು. ಮರುದಿನ ಬೆತ್ತ ಬರುತ್ತದೆಂದು ಕಾದಿದ್ದೆವು. ಅವರು ತರಗತಿಗೆ ಬಂದು, "ಅವತ್ತು ನಾಟಕದಲ್ಲಿ ಆತನನ್ನು ನೋಡಿ ಅತ್ತವರು ಕೈ ಎತ್ತಿ," ಎಂದರು. ನಮ್ಮೂರ ಹುಡುಗರೆಲ್ಲ ಎತ್ತಿದೆವು. "ನಿನ್ನೆ ಆತನಿಗೆ ಕಲ್ಲು ಹೊಡೆದವರು ಕೈ ಎತ್ತಿ," ಎಂದರು. ಯಾರೂ ಎತ್ತಲಿಲ್ಲ. ಅವರು ಮತ್ತೇನೂ ಹೇಳದೆ ಪುಸ್ತಕ ತೆರೆದು ಪಾಠ ಶುರು ಮಾಡಿದರು.

ನಾಟಕದಲ್ಲಿ ಅತ್ತ ಕಣ್ಣೇ ಬೀದಿಯಲ್ಲಿ ಹೇಗೆ ನಕ್ಕಿತು? ಈ ಪ್ರಶ್ನೆಯ ಬೆನ್ನು ಹತ್ತಿದಾಗ ಅದು ಬಹಳ ಹಳೆಯದೆಂದು ತಿಳಿಯಿತು.

ಗ್ರೀಸಿನ ಮಾತು

ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಗ್ರೀಸಿನ ಅರಿಸ್ಟಾಟಲ್ ಕಾವ್ಯದ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದ. ದುರಂತ ನಾಟಕ ನೋಡುವವರಲ್ಲಿ ಎರಡು ಭಾವಗಳನ್ನು ಎಬ್ಬಿಸುತ್ತದೆ ಎಂದು ಅದರಲ್ಲಿ ಹೇಳಿದ: ಒಂದು ಮರುಕ, ಇನ್ನೊಂದು ಭಯ. ತಾನು ಮಾಡಿದ್ದಕ್ಕೆ ಮೀರಿದ ಕಷ್ಟ ಒಬ್ಬನಿಗೆ ಬಂದಾಗ ಮರುಕ ಹುಟ್ಟುತ್ತದೆ. ಆ ಮನುಷ್ಯ ನಮ್ಮಂಥವನೇ ಎಂದು ಅನ್ನಿಸಿದಾಗ ಭಯ ಹುಟ್ಟುತ್ತದೆ. ಆದ್ದರಿಂದ ದುರಂತದ ನಾಯಕ ಪೂರ್ತಿ ಒಳ್ಳೆಯವನಾಗಿರಬಾರದು, ಪೂರ್ತಿ ಕೆಟ್ಟವನೂ ಆಗಿರಬಾರದು. ನಡುವೆ ಎಲ್ಲೋ ಇರುವ, ಒಂದು ದೊಡ್ಡ ತಪ್ಪಿನಿಂದ ಬೀಳುವ ಮನುಷ್ಯನಾಗಿರಬೇಕು. ನೋಡುವವರ ಮನಸ್ಸಿನಲ್ಲಿ ಈ ಎರಡು ಭಾವಗಳು ಎದ್ದು ತಿಳಿಯಾಗುವುದನ್ನು ಆತ 'ಕಥಾರ್ಸಿಸ್' ಎಂದು ಕರೆದ. ಇದು ಹೊಟ್ಟೆ ತೊಳೆದ ಹಾಗೆ ಮನಸ್ಸು ತೊಳೆಯುವುದೋ, ಭಾವಗಳು ಶುದ್ಧವಾಗುವುದೋ ಎಂದು ವಿದ್ವಾಂಸರು ಇಂದಿಗೂ ವಾದ ಮಾಡುತ್ತಾರೆ.

ಅಜ್ಜಿ ಹೇಳಿದ ಮಾತಿನಲ್ಲಿ ಇದರ ಅರ್ಧ ಇತ್ತು. ದುರ್ಯೋಧನ ಕೆಟ್ಟವನೇ, ಆದರೂ ಅವನಿಗೆ ಬಂದ ಒಂಟಿತನ ಅವನ ತಪ್ಪಿಗಿಂತ ದೊಡ್ಡದಾಗಿ ಅವರಿಗೆ ಕಂಡಿತ್ತು.

ಗ್ರೀಕರ ಇನ್ನೊಂದು ಪ್ರಸಂಗ ನನಗೆ ಹೆಚ್ಚು ಉಪಯೋಗಕ್ಕೆ ಬಂತು. ಕ್ರಿ.ಪೂ. 494ರಲ್ಲಿ ಪರ್ಷಿಯನ್ನರು ಮಿಲೆಟಸ್ ಎಂಬ ಊರನ್ನು ಹಾಳುಗೆಡವಿದರು. ಅದು ಅಥೆನ್ಸಿನವರಿಗೆ ನಂಟಿನ ಊರು. ಅದಾಗಿ ಹೆಚ್ಚು ಕಾಲ ಕಳೆಯುವ ಮುನ್ನವೇ ಫ್ರಿನಿಕಸ್ ಎಂಬ ಕವಿ ಅದನ್ನು ನಾಟಕ ಮಾಡಿ ಆಡಿಸಿದ. ಸೇರಿದ್ದವರೆಲ್ಲ ಗೋಳೋ ಎಂದು ಅತ್ತರು. ಆಮೇಲೆ ಅಥೆನ್ಸಿನವರು ತಮ್ಮ ಸ್ವಂತ ದುಃಖವನ್ನು ನೆನಪಿಸಿದನೆಂದು ಕವಿಗೆ 1000 ದ್ರಾಕ್ಮಾ ದಂಡ ಹಾಕಿ, ಆ ನಾಟಕವನ್ನು ಮತ್ತೆ ಆಡಬಾರದೆಂದು ಕಟ್ಟಪ್ಪಣೆ ಮಾಡಿದರು. ಇದನ್ನು ಬರೆದಿಟ್ಟವನು ಇತಿಹಾಸಕಾರ ಹೆರೊಡೋಟಸ್.

ಮರುಕಪಡಲು ಮನುಷ್ಯನಿಗೆ ಸ್ವಲ್ಪ ದೂರ ಬೇಕು ಎಂದು ಇದರಿಂದ ನನಗೆ ತೋರುತ್ತದೆ. ಕೌರವನ ಸೋಲು ದ್ವಾಪರಯುಗದ್ದು, ನಿಶ್ಚಿಂತೆಯಿಂದ ಅಳಬಹುದು. ಬತ್ತಿದ ಬೋರ್‌ವೆಲ್ ನಮ್ಮದೇ ಹೊಲದ್ದು. ಅದು ನಾಳೆ ನಮ್ಮ ಮನೆಗೂ ಬರಬಹುದು. ಅಲ್ಲಿ ಮರುಕವನ್ನು ಭಯ ನುಂಗಿಬಿಡುತ್ತದೆ. ಹೆದರಿದ ಹುಡುಗರು ನಗುತ್ತಾರೆ, ಕಲ್ಲು ಎತ್ತಿಕೊಳ್ಳುತ್ತಾರೆ.

ನಮ್ಮ ಸೀಮೆಯ ಕಥನ

ಇದೆಲ್ಲ ಗ್ರೀಕರಿಗೆ ಮಾತ್ರ ಗೊತ್ತಿತ್ತು ಎಂದು ತಿಳಿಯಬೇಕಾಗಿಲ್ಲ. ನಾಟ್ಯಶಾಸ್ತ್ರದ ಭರತಮುನಿ ಹೇಳಿದ ರಸಗಳಲ್ಲಿ ಕರುಣವೂ ಇದೆ, ಭಯಾನಕವೂ ಇದೆ. ಆದರೆ ನಮ್ಮ ಸಂಸ್ಕೃತ ನಾಟಕಗಳು ಸಾಮಾನ್ಯವಾಗಿ ಮಂಗಳದಲ್ಲಿ ಮುಗಿಯುತ್ತವೆ. ತೊಡೆ ಮುರಿದ ದುರ್ಯೋಧನನ ಸಾವಿನಲ್ಲಿ ಮುಗಿಯುವ ಭಾಸನ 'ಊರುಭಂಗ' ಅಪರೂಪದ್ದು.

ಪುಸ್ತಕದ ಮಾತು ಹಾಗಿರಲಿ. ನಮ್ಮ ಜಿಲ್ಲೆಯಲ್ಲಿ ಮಾದಪ್ಪನ ಒಕ್ಕಲಿನವರ ಮನೆಗಳಲ್ಲಿ ಕಂಸಾಳೆಯ ದೇವರಗುಡ್ಡರು ಕಥೆ ಮಾಡುವುದನ್ನು ಕೇಳಿ ಬೆಳೆದವರು ನಾವು. ಮಲೆಯ ಮಾದೇಶ್ವರನ ಕಾವ್ಯದಲ್ಲಿ ಸಂಕಮ್ಮನ ಸಾಲು ಬರುತ್ತದೆ. ಸೋಲಿಗರ ನೀಲೇಗೌಡ ಜೇನು ತರಲು ಕಾಡಿಗೆ ಹೊರಡುತ್ತಾನೆ. ಹೊರಡುವಾಗ ಹೆಂಡತಿಯ ಮೇಲೆ ಸಂಶಯಪಟ್ಟು ಭಾಷೆ ಕೊಡು ಎನ್ನುತ್ತಾನೆ. ಅವಳು ಕೊಡುವುದಿಲ್ಲ. ಅವನು ಹಿಂಸೆ ಮಾಡಿ, ಒಬ್ಬಳನ್ನೇ ಕಾಡಿನ ಗುಡಿಸಲಿನಲ್ಲಿ ಬಿಟ್ಟು ಹೋಗುತ್ತಾನೆ. ಇಷ್ಟು ಹೊತ್ತಿಗೆ ಕೇಳುತ್ತ ಕೂತ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡಿರುತ್ತಾರೆ. ಗಂಡಸರು ಬೀಡಿ ಆರಿದ್ದನ್ನೂ ಗಮನಿಸುವುದಿಲ್ಲ. ಆ ಗುಡಿಸಲು ಹೆಂಗಸರಿಗೆ ಹೊಸದಲ್ಲ. ಆ ಸಂಶಯ ಗಂಡಸರಿಗೂ ಹೊಸದಲ್ಲ.

ಈಡಿಪಸ್‌ನ ಕಥೆಯನ್ನು ಕಣ್ಣಿಂದ ನೋಡದೆ ಬರೀ ಕಿವಿಯಿಂದ ಕೇಳಿದರೂ ಮೈ ನಡುಗಿ ಮರುಕ ಹುಟ್ಟಬೇಕು, ಕಟ್ಟು ಅಷ್ಟು ಗಟ್ಟಿಯಾಗಿರಬೇಕು ಎಂದು ಅರಿಸ್ಟಾಟಲ್ ಹೇಳಿದ್ದಾನೆ. ಸಂಕಮ್ಮನ ಸಾಲಿಗೆ ಪರದೆಯಿಲ್ಲ, ಡ್ರೆಸ್ಸಿಲ್ಲ. ಕಂಸಾಳೆಯ ಸದ್ದು ಮತ್ತು ಮನುಷ್ಯನ ಗಂಟಲು ಅಷ್ಟೆ. ಕೊನೆಗೆ ಮಾದಪ್ಪ ಬಂದು ಸಂಕಮ್ಮನನ್ನು ಕಾಯುತ್ತಾನೆ, ಮಕ್ಕಳ ಫಲ ಕೊಡುತ್ತಾನೆ. ಹುಟ್ಟಿದ ಭಯಕ್ಕೆ ದೇವರು ಸಮಾಧಾನ ಹೇಳಿ ಕಳಿಸುವುದು ನಮ್ಮ ಪದ್ಧತಿ. ಗ್ರೀಕರ ಪದ್ಧತಿಯಲ್ಲಿ ಈಡಿಪಸ್ ತಾನೇ ಕಣ್ಣು ಕಿತ್ತುಕೊಂಡು ನಿಲ್ಲುತ್ತಾನೆ. ನೋಡಿದವರು ಆ ಭಯವನ್ನು ಹೊತ್ತುಕೊಂಡೇ ಮನೆಗೆ ಹೋಗಬೇಕು.

ರನ್ನನಿಂದ ಬಿಎಂಶ್ರೀವರೆಗೆ

ಕನ್ನಡ ಕಾವ್ಯದಲ್ಲಿ ಈ ದಾರಿಗೆ ಮೊದಲ ದೊಡ್ಡ ಹೆಜ್ಜೆ ಇಟ್ಟವನು ಮುಧೋಳದ ರನ್ನ. 10ನೇ ಶತಮಾನದ ಕೊನೆಗೆ ಚಾಲುಕ್ಯ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ 'ಸಾಹಸಭೀಮ ವಿಜಯ' ಬರೆದ. ಗದಾಯುದ್ಧ ಎಂದು ನಾವು ಕರೆಯುವ ಕಾವ್ಯ ಇದೇ. ಹೆಸರಿಗೆ ನಾಯಕ ಭೀಮ. ಆದರೆ ರಣರಂಗದಲ್ಲಿ ದ್ರೋಣ, ದುಶ್ಶಾಸನ, ಮಗ ಲಕ್ಷಣಕುಮಾರ, ಗೆಳೆಯ ಕರ್ಣ ಇವರ ಹೆಣಗಳ ನಡುವೆ ನಡೆದು ಹೋಗುವ ದುರ್ಯೋಧನನ ಕಡೆಗೇ ಓದುವವರ ಮನಸ್ಸು ವಾಲುತ್ತದೆ.

ಸುಮಾರು ಸಾವಿರ ವರ್ಷದ ನಂತರ ಇಂಗ್ಲಿಷ್ ಪ್ರಾಧ್ಯಾಪಕ ಬಿ.ಎಂ. ಶ್ರೀಕಂಠಯ್ಯನವರು ಈ ವಾಲುವಿಕೆಯನ್ನು ಗುರುತಿಸಿದರು. ರನ್ನನ ಕಾವ್ಯದಿಂದಲೇ 1926ರಲ್ಲಿ 'ಗದಾಯುದ್ಧ ನಾಟಕಂ' ಸಿದ್ಧಮಾಡಿದರು. 1929ರಲ್ಲಿ ಸಾಫೊಕ್ಲಿಸನ 'ಏಜಾಕ್ಸ್' ನಾಟಕದ ಕಟ್ಟಿಗೆ ಮಹಾಭಾರತದ ಅಶ್ವತ್ಥಾಮನನ್ನು ತಂದು 'ಅಶ್ವತ್ಥಾಮನ್' ಬರೆದರು. 1935ರಲ್ಲಿ ಈಸ್ಕಿಲಸನ ನಾಟಕವನ್ನು 'ಪಾರಸಿಕರು' ಎಂದು ತಂದರು. ಇದರಲ್ಲಿ ಗ್ರೀಕ್ ಕವಿಯೊಬ್ಬ ಸೋತ ಶತ್ರುವಿನ ಅರಮನೆಯ ಗೋಳನ್ನು ತನ್ನವರಿಗೆ ತೋರಿಸುತ್ತಾನೆ. ಗೆದ್ದವನು ಸೋತವನಿಗಾಗಿ ಮರುಗಬಲ್ಲನೇ ಎಂಬುದೇ ಈ ಮೂರು ನಾಟಕಗಳ ಹಿಂದಿನ ಪ್ರಶ್ನೆ ಎಂದು ನನಗೆ ಅನ್ನಿಸುತ್ತದೆ.

ಅಗರದ ಸಂಸ

ಬೆಂಗಳೂರಿಗೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ಗೆಳೆಯರೊಂದಿಗೆ ರವೀಂದ್ರ ಕಲಾಕ್ಷೇತ್ರದ ಹಿಂದಿನ ಸಂಸ ಬಯಲು ರಂಗಮಂದಿರಕ್ಕೆ ನಾಟಕ ನೋಡಲು ಹೋಗಿದ್ದೆ. ಸಂಸ ಎಂದರೆ ಯಾವುದೋ ಸಂಸ್ಥೆಯ ಹೆಸರು ಎಂದುಕೊಂಡಿದ್ದೆ. ಆಮೇಲೆ ವಿಚಾರಿಸಿದರೆ, ಅವರು ನಮ್ಮ ಜಿಲ್ಲೆಯ ಯಳಂದೂರು ತಾಲ್ಲೂಕಿನ ಅಗರದಲ್ಲಿ 1898ರಲ್ಲಿ ಹುಟ್ಟಿದ ನಾಟಕಕಾರರು. ಹೆಸರು ಎ.ಎನ್. ಸಾಮಿ ವೆಂಕಟಾದ್ರಿ ಅಯ್ಯರ್. ಹತ್ತು ವರ್ಷ ಶಾಲೆಯಲ್ಲಿ ಓದಿಯೂ ನಮ್ಮ ನೆರೆಯೂರಿನ ಇಂಥವರ ಹೆಸರು ತಿಳಿಯದೆ ಹೋಯಿತಲ್ಲ ಎಂದು ನಾಚಿಕೆಯಾಯಿತು.

ಸಂಸರು ಮೈಸೂರು ಅರಸರ ಚರಿತ್ರೆಯನ್ನೇ ಹಿಡಿದು ನಾಟಕ ಬರೆದರು. ನಮಗೆ ಉಳಿದಿರುವುದು ಆರು: ಸುಗುಣ ಗಂಭೀರ, ವಿಗಡ ವಿಕ್ರಮರಾಯ, ವಿಜಯನಾರಸಿಂಹ, ಬಿರುದಂತೆಂಬರ ಗಂಡ, ಬೆಟ್ಟದ ಅರಸು, ಮಂತ್ರಶಕ್ತಿ. ಇವುಗಳಲ್ಲಿ 'ವಿಗಡ ವಿಕ್ರಮರಾಯ'ದ ಹಿಂದಿನ ಇತಿಹಾಸ ನಮ್ಮ ತಾಲ್ಲೂಕನ್ನೂ ಮುಟ್ಟುತ್ತದೆ.

1637ರಲ್ಲಿ ಇಮ್ಮಡಿ ರಾಜ ಒಡೆಯರು ಶ್ರೀರಂಗಪಟ್ಟಣದ ಸಿಂಹಾಸನಕ್ಕೆ ಬಂದರು. ಆಡಳಿತದ ಹಿಡಿತವೆಲ್ಲ ದಳವಾಯಿ ವಿಕ್ರಮರಾಯನ ಕೈಲಿತ್ತು. ಹೊಸ ದೊರೆ ತಾನೇ ಆಳಲು ಹೊರಟಾಗ ದಳವಾಯಿಗೆ ಸಹಿಸಲಿಲ್ಲ. ಮರುವರ್ಷವೇ ದೊರೆಗೆ ವಿಷ ಹಾಕಿಸಿದ. ಆಗ ಪಟ್ಟಕ್ಕೆ ಬಂದವರು ರಣಧೀರ ಕಂಠೀರವ ನರಸರಾಜ ಒಡೆಯರು. ಅದಕ್ಕೆ ಮುಂಚೆ ಅವರು ನಮ್ಮ ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯಲ್ಲಿ ಇದ್ದರೆಂದು ಮೈಸೂರಿನ ಇತಿಹಾಸಕಾರರು ಬರೆದಿದ್ದಾರೆ. ಇಂದು ನಾವು ಬಸ್ಸಿನ ಕಿಟಕಿಯಿಂದ ನೋಡುತ್ತ ಹೋಗುವ ಊರಿನಿಂದ ಹೊರಟವರು 1638ರಿಂದ 1659ರವರೆಗೆ ಮೈಸೂರನ್ನು ಆಳಿದರು.

ಕಂಠೀರವರಿಗೆ ವಿಷದ ಸಂಗತಿ ತಿಳಿಯಿತು. ಅವರ ಇಬ್ಬರು ಆಳುಗಳು ರಾತ್ರಿ ದಳವಾಯಿಯ ಮನೆಯಂಗಳದಲ್ಲಿ ಅಡಗಿ ಕೂತರು. ಮುಂದೆ ಪಂಜು ಹಿಡಿದು ಬಂದವನನ್ನು ಹೊಡೆದುರುಳಿಸಿದರು, ಬೆಳಕು ಆರಿತು. ಬಲಿಷ್ಠನಾದ ವಿಕ್ರಮರಾಯ ಒಬ್ಬನ ಕುತ್ತಿಗೆ ಹಿಡಿದು ನೆಲಕ್ಕೆ ಕೆಡವಿದ. ಕತ್ತಲಲ್ಲಿ ಯಾರು ಯಾರೆಂದು ತಿಳಿಯದೆ ಇನ್ನೊಬ್ಬ, "ನೀನು ಮೇಲಿದ್ದೀಯೋ ಕೆಳಗಿದ್ದೀಯೋ?" ಎಂದು ಕೇಳಿದ. ಕೆಳಗೆ ಎಂಬ ಉತ್ತರ ಬಂದ ಮೇಲೆ ಮೇಲಿದ್ದವನನ್ನು ತಿವಿದ. ಇದು ಕರ್ನಲ್ ವಿಲ್ಕ್ಸ್ ಬರೆದ ಮೈಸೂರು ಚರಿತ್ರೆಯಲ್ಲಿ ಇರುವ ಸಂಗತಿ.

1960ರಲ್ಲಿ ಬಂದ 'ರಣಧೀರ ಕಂಠೀರವ' ಚಿತ್ರವನ್ನು ನಮ್ಮ ಹಿರಿಯರು ಮರೆತಿಲ್ಲ. ನಮ್ಮ ಜಿಲ್ಲೆಯ ಸಿಂಗಾನಲ್ಲೂರಿನ ಮನೆತನದ ಡಾ. ರಾಜ್‌ಕುಮಾರ್ ಅವರೇ ಅದರ ನಾಯಕ. ಅಲ್ಲಿ ನಾವು ಕಂಠೀರವನ ಕಡೆ ನಿಂತು ಚಪ್ಪಾಳೆ ಹೊಡೆಯುತ್ತೇವೆ. ಸಂಸರು ಮಾಡಿದ್ದು ಬೇರೆ ಕೆಲಸ. ಅವರು ನಾಟಕಕ್ಕೆ ಕೊಲೆಗಾರ ದಳವಾಯಿಯ ಹೆಸರನ್ನೇ ಇಟ್ಟು ಅವನನ್ನು ನಡುವೆ ನಿಲ್ಲಿಸಿದರು. ಶಕ್ತಿಯಿದೆ, ಬುದ್ಧಿಯಿದೆ, ಇನ್ನೂ ಬೇಕೆಂಬ ಆಸೆಯಿದೆ. ಆ ಆಸೆಯೇ ಅವನನ್ನು ಕೆಡವುತ್ತದೆ. ಅವನು ಮಾಡಿದ್ದನ್ನು ಸಂಸರು ಸರಿ ಎನ್ನುವುದಿಲ್ಲ. ಇಂಥ ಆಸೆ ನಿನ್ನಲ್ಲೂ ಇಲ್ಲವೇ ಎಂದು ಓದುವವನನ್ನು ಕೇಳುವಂತೆ ಮಾಡುತ್ತಾರೆ. ಇನ್ನೊಂದು ಪ್ರಮೋಷನ್, ಇನ್ನೊಂದು ಸೈಟು ಎಂದು ಓಡುತ್ತಿದ್ದ ನನಗೆ ಅದನ್ನು ಓದುವಾಗ ಮೂರನೆಯ ಬೋರ್ ಕೊರೆಸಿದ ನಮ್ಮೂರಿನ ರೈತರು ನೆನಪಾದರು. ಅವರು ಯಾರಿಗೂ ವಿಷ ಹಾಕಿದವರಲ್ಲ. ನೀರು ಬಂದೇ ಬರುತ್ತದೆ ಎಂದು ನಂಬಿದ್ದಷ್ಟೇ ಅವರ ತಪ್ಪು.

ಸಂಸರ ಸ್ವಂತ ಬದುಕು ಅವರ ನಾಟಕಗಳಿಗಿಂತ ಕಠಿಣ. ನೆಲೆಯಾಗಿ ಒಂದು ಕಡೆ ನಿಲ್ಲಲಿಲ್ಲ. ಪೊಲೀಸರು ತಮ್ಮ ಬೆನ್ನು ಹತ್ತಿದ್ದಾರೆ ಎಂಬ ಭಯ ಅವರನ್ನು ಹಿಡಿದಿತ್ತು. ಇಂದಾಗಿದ್ದರೆ ಅದನ್ನು ಮನಸ್ಸಿನ ಕಾಯಿಲೆ ಎಂದು ಗುರುತಿಸಿ ಚಿಕಿತ್ಸೆ ಕೊಡಿಸಬಹುದಾಗಿತ್ತು. 1939ರಲ್ಲಿ, ನಲವತ್ತರ ಆಚೀಚಿನ ವಯಸ್ಸಿನಲ್ಲಿ, ಮೈಸೂರಿನಲ್ಲಿ ಅವರು ತಮ್ಮ ಬದುಕನ್ನು ತಾವೇ ಮುಗಿಸಿಕೊಂಡರು. ಓದುಗರ ಎದೆಯಲ್ಲಿ ಮರುಕ ಮತ್ತು ಭಯ ಎಬ್ಬಿಸಬಲ್ಲವರಾಗಿದ್ದ ಅವರ ಪಾಲಿಗೆ ಭಯವಷ್ಟೇ ಧಾರಾಳವಾಗಿ ಸಿಕ್ಕಿತು.

1972ರಲ್ಲಿ ಅದೇ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಬಿ.ವಿ. ಕಾರಂತರು ಮೂರು ನಾಟಕ ಆಡಿಸಿದರು. ಅದರಲ್ಲಿ ಒಂದು ಪಿ. ಲಂಕೇಶ್ ಕನ್ನಡಕ್ಕೆ ತಂದ ಈಡಿಪಸ್. ಎರಡು ಸಾವಿರದ ನಾನೂರು ವರ್ಷ ಹಳೆಯ ಗ್ರೀಕ್ ದೊರೆಯ ದುಃಖ ಕನ್ನಡದಲ್ಲಿ ಕೇಳಿಸಿದ ಆ ಜಾಗ ಇಂದು ಅಗರದ ಸಂಸರ ಹೆಸರನ್ನು ಹೊತ್ತಿದೆ.

ಮೇಷ್ಟ್ರ ಪ್ರಶ್ನೆಗೆ

ನಾಟಕ ನೋಡಿ ಅತ್ತರೆ ಮನುಷ್ಯ ಒಳ್ಳೆಯವನಾಗುತ್ತಾನೆ ಎಂದು ನಾನು ಹೇಳಲಾರೆ. ನಾವೇ ಅದಕ್ಕೆ ಸಾಕ್ಷಿ. ನಾಟಕ ಮಾಡುವುದು ಇಷ್ಟು: ಬಿದ್ದವನನ್ನು ನೋಡುವ ಅಭ್ಯಾಸ ಮಾಡಿಸುತ್ತದೆ. ಇವನು ಯಾಕೆ ಬಿದ್ದ, ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಒಂದು ರಾತ್ರಿ ಯೋಚಿಸುವ ಹಾಗೆ ಮಾಡುತ್ತದೆ. ಅದನ್ನು ಬೆಳಗಿನ ಬೀದಿಗೆ ತರಬೇಕಾದವರು ನಾವೇ. ದೂರದವನಿಗೆ ಮರುಗುವುದು ಸುಲಭ. ಮೋರಿಕಟ್ಟೆಯ ಮೇಲೆ ಕೂತವನಿಗೆ ಮರುಗಬೇಕಾದರೆ ಮೊದಲು ನಮ್ಮ ಭಯವನ್ನು ನಾವು ಒಪ್ಪಿಕೊಳ್ಳಬೇಕು.

ನಾನು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ಆ ರೈತರು ತೀರಿಕೊಂಡರು. ಅವ್ವ ಫೋನಿನಲ್ಲಿ ಹೇಳಿತು. ಪರೀಕ್ಷೆ ಇದೆ ಎಂದು ಊರಿಗೆ ಹೋಗಲಿಲ್ಲ. ಅವರಲ್ಲಿ ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ, ಕೇಳಲಿಲ್ಲ.

ಈಗ ಶಾಲೆಯಲ್ಲಿ ಓದುತ್ತಿರುವ ತಮ್ಮ ತಂಗಿಯರಿಗೆ ಎರಡು ಮಾತು. ನಿಮ್ಮ ಪಕ್ಕದ ಬೆಂಚಿನವರ ಮನೆಯಲ್ಲಿ ಕಷ್ಟವಿದ್ದರೆ, ಯಾರಾದರೂ ಮಂಕಾಗಿ ಕೂತಿದ್ದರೆ, ಹೋಗಿ ಮಾತಾಡಿಸಿ. ನಿಮಗೇ ಹಾಗೆ ಅನ್ನಿಸಿದರೆ ನಿಮ್ಮ ಮೇಷ್ಟ್ರ ಹತ್ತಿರವೋ ಮನೆಯವರ ಹತ್ತಿರವೋ ಹೇಳಿಕೊಳ್ಳಿ. ಅದರಲ್ಲಿ ನಾಚಿಕೆಪಡುವುದು ಏನೂ ಇಲ್ಲ. ಸಂಸರ ಆರು ನಾಟಕಗಳನ್ನು ಶಾಲೆಯ ಲೈಬ್ರರಿಗೆ ಕೊಡಲು ನಮ್ಮ ಬ್ಯಾಚಿನವರು ಒಪ್ಪಿದ್ದಾರೆ. ಭಾಷೆ ಸ್ವಲ್ಪ ಹಳೆಯದು. ಗುರುಗಳ ಸಹಾಯದಿಂದ ಓದಿ. ಮುಂದಿನ ವಾರ್ಷಿಕೋತ್ಸವದಲ್ಲಿ ಒಂದು ದೃಶ್ಯವನ್ನಾದರೂ ಆಡಿದರೆ ನಾನು ಖಂಡಿತ ಬಂದು ಮುಂದೆ ಕೂರುತ್ತೇನೆ.

ಆ ಮೇಷ್ಟ್ರು ಈಗ ನಿವೃತ್ತರು. ಈ ಲೇಖನದಲ್ಲಿ ಹೆಸರು ಹಾಕುವುದು ಬೇಡವೆಂದು ಅವರೇ ಹೇಳಿದರು. ಮೇಷ್ಟ್ರೇ, ನಿಮ್ಮ ಎರಡನೆಯ ಪ್ರಶ್ನೆಗೆ ಅಂದು ಎತ್ತದ ಕೈಯನ್ನು ಇಂದು ಎತ್ತುತ್ತಿದ್ದೇನೆ.